ಎಂಜಿಬಿಗೆ 195 ಬೇಡ, 185 ಸಾಕು

ಸರ್, ನಿಮ್ಮ ಎಂಜಿಬಿಗೆ (ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಅಗಲ ವೀಲ್ ಹಾಕಿ 195/60 ಆರ್14 ಟೈರ್, ಅಂದ್ರೆ 195 ಮಿಲಿಮೀಟರ್ ಅಗಲ, ಅದರ ಶೇಕಡಾ 60ರಷ್ಟು ಪಕ್ಕದ ಎತ್ತರ, 14 ಇಂಚಿನ ವೀಲಿನದು, ಕೂಡಿಸಬಹುದಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಐದೂವರೆ ಇಂಚು ಅಗಲದ ವೀಲ್, 185/70 ಟೈರ್ ಸಾಕು. ಹಳೇ 165 ಟೈರಿನ ಎತ್ತರ ಸುಮಾರು 620 ಮಿಲಿಮೀಟರ್, 185/70ರದು 615. 195/60 ಆದರೆ 590ಕ್ಕೆ ಇಳಿಯುತ್ತದೆ. ಸ್ಪೀಡ್ ಮೀಟರ್ ಜಾಸ್ತಿ ತೋರಿಸುತ್ತದೆ, ಗಾಡಿ ಒಂದೂವರೆ ಸೆಂಟಿಮೀಟರ್ ಕೆಳಗೆ ಕೂರುತ್ತದೆ. ನಮ್ಮ ಹುಬ್ಬಳ್ಳಿ ಹಂಪ್‌ಗಳು ಗೊತ್ತಲ್ವಾ, ಸೈಲೆನ್ಸರ್ ಉಳಿಯಲ್ಲ!

ಹಿಂದಿನ ಮಡ್‌ಗಾರ್ಡಿನ ಒಳ ಅಂಚಿಗೆ ಟೈರ್ ತಾಗುತ್ತಾ ನೋಡಿ. ಖಾಲಿ ಗಾಡಿಯಲ್ಲಿ ಸುಮ್ನೆ ಅಳೆದರೆ ಗೊತ್ತಾಗಲ್ಲ. ನಾನು ಡಿಕ್ಕಿಯಲ್ಲಿ ಎರಡು ಚೀಲ ಜೋಳ ಇಟ್ಟು ಧಾರವಾಡಕ್ಕೆ ಹೋಗಿಬಂದೆ. ಟೈರಿನ ಪಕ್ಕದಲ್ಲಿ ಬೆರಳಗಲ ಉಜ್ಜಿದ ಗುರುತು ಸಿಕ್ಕಿತು. ಕಡ್ಡಿ (ಸ್ಪೋಕ್) ವೀಲ್ ಇದ್ದರೆ ಟೈರ್ ಒಳಗೆ ಟ್ಯೂಬ್ ಹಾಕೋದು ಮರೀಬೇಡಿ.