ಒಂದು ಓಟನ್ನೂ ಕೇಳದೆ ವಿದೇಶಾಂಗ ಮಂತ್ರಿಯಾದವರು

ನೀವು ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದ್ದೀರಿ. ಶ್ರೀಲಂಕಾದ ಲಕ್ಷ್ಮಣ್ ಕದಿರ್‌ಗಾಮರ್ ಯಾವ ಕ್ಷೇತ್ರದಲ್ಲೂ ಗೆಲ್ಲದೆ ವಿದೇಶಾಂಗ ಮಂತ್ರಿ ಆಗಿದ್ದು ಹೇಗೆ? ಅವರೇ ತಮಿಳರಾಗಿದ್ದೂ ಎಷ್ಟೋ ತಮಿಳರು ಅವರನ್ನು ದ್ರೋಹಿ ಅಂದಿದ್ದು ಯಾಕೆ? ಮೊದಲನೆಯದಕ್ಕೆ ಉತ್ತರ ನಾಲ್ಕು ಸಾಲು ಸಾಕು. ಎರಡನೆಯದಕ್ಕೆ ಸ್ವಲ್ಪ ಕಥೆ ಹೇಳಬೇಕು.

ನಾನು ಕೆಲಸದ ಮೇಲೆ ಎರಡು ವರ್ಷ ಕೊಲಂಬೊದಲ್ಲಿದ್ದೆ, 2004ರಿಂದ. ಬಾಡಿಗೆ ಮನೆ ವೆಳ್ಳವತ್ತೆಯಲ್ಲಿ. ತಮಿಳರು ಜಾಸ್ತಿ ಇರುವ ಜಾಗ ಅದು. ಆಫೀಸಿನಲ್ಲಿ ಹೆಚ್ಚಿನವರು ಸಿಂಹಳರು. ಹಾಗಾಗಿ ಈ ಮನುಷ್ಯನ ಬಗ್ಗೆ ಬೆಳಿಗ್ಗೆ ಒಂದು ಮಾತು, ಸಂಜೆ ಒಂದು ಮಾತು ಕೇಳುತ್ತಿದ್ದೆ.

ಮೊದಲು ಚುನಾವಣೆಯ ವಿಷಯ. ಅಲ್ಲಿನ ಸಂಸತ್ತಿನಲ್ಲಿ 225 ಸೀಟು. 196 ಜನ ಜಿಲ್ಲೆಗಳಿಂದ ಗೆದ್ದು ಬರುತ್ತಾರೆ. ಉಳಿದ 29 ಸೀಟನ್ನು ಇಡೀ ದೇಶದಲ್ಲಿ ಯಾವ ಪಕ್ಷಕ್ಕೆ ಎಷ್ಟು ಓಟು ಬಿತ್ತು ಅಂತ ನೋಡಿ ಹಂಚುತ್ತಾರೆ. ಇದಕ್ಕೆ ರಾಷ್ಟ್ರೀಯ ಪಟ್ಟಿ ಅನ್ನುತ್ತಾರೆ. ಓಟು ತರಲಾರದ, ಆದರೆ ಪಕ್ಷಕ್ಕೆ ಬೇಕಾದ ಜನರನ್ನು ಒಳಗೆ ತರುವ ಬಾಗಿಲು ಇದು. ನಮ್ಮ ವಿಧಾನ ಪರಿಷತ್ತಿನ ನೆನಪಾಗುತ್ತದೆ ಅಲ್ವಾ? 1994ರಲ್ಲಿ ಚಂದ್ರಿಕಾ ಕುಮಾರತುಂಗ ಅವರ ಮೈತ್ರಿಕೂಟ ಗೆದ್ದಾಗ ಕದಿರ್‌ಗಾಮರ್ ಈ ಬಾಗಿಲಿನಿಂದಲೇ ಬಂದರು. ಬಂದವರೇ ವಿದೇಶಾಂಗ ಮಂತ್ರಿ. ಆಗ ಅವರಿಗೆ 62 ವರ್ಷ. ಅಲ್ಲಿಯವರೆಗೆ ರಾಜಕೀಯದಲ್ಲಿ ಅವರ ಹೆಸರೇ ಇರಲಿಲ್ಲ.

ಹಾಗಾದರೆ ಅಷ್ಟು ವರ್ಷ ಏನು ಮಾಡುತ್ತಿದ್ದರು? ವಕೀಲಿಕೆ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಪ್ರಕಾರ ಅವರ ಇಡೀ ಬದುಕಿಗೆ ಇದೇ ಬೀಗದ ಕೈ.

ಹುಟ್ಟಿದ್ದು 1932ರಲ್ಲಿ, ಉತ್ತರ ಲಂಕೆಯ ಜಾಫ್ನಾ ಮೂಲದ ಕ್ರೈಸ್ತ ತಮಿಳು ಕುಟುಂಬದಲ್ಲಿ. ಅವರ ಹೆಸರಿನಲ್ಲಿರುವುದು ಕದಿರ್ಗಾಮ, ಅಂದರೆ ದಕ್ಷಿಣ ಲಂಕೆಯ ಮುರುಗನ ಕ್ಷೇತ್ರ. ಸಿಂಹಳರು ಅದನ್ನು ಕತರಗಮ ಅಂತ ಕರೆದು ಅಷ್ಟೇ ಭಕ್ತಿಯಿಂದ ಹೋಗುತ್ತಾರೆ. ತಂದೆ ವಕೀಲರು. ಅಣ್ಣ ರಾಜನ್ ಕದಿರ್‌ಗಾಮರ್ 1960ರಿಂದ 1970ರವರೆಗೆ ದೇಶದ ನೌಕಾಪಡೆಗೇ ಮುಖ್ಯಸ್ಥರು. ಒಬ್ಬ ತಮಿಳ ಲಂಕೆಯ ನೌಕಾಪಡೆಯನ್ನು ಹತ್ತು ವರ್ಷ ನಡೆಸಿದ್ದ ಎಂದರೆ ಇವತ್ತಿನವರು ನಂಬುವುದೇ ಕಷ್ಟ. ಕ್ಯಾಂಡಿಯ ಟ್ರಿನಿಟಿ ಕಾಲೇಜಿನಲ್ಲಿ ಓದು, ಕ್ರಿಕೆಟ್. ಆಮೇಲೆ ಆಕ್ಸ್‌ಫರ್ಡ್. 1959ರಲ್ಲಿ ಅಲ್ಲಿನ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್‌ಗೆ ಅಧ್ಯಕ್ಷರಾದರು. ಅದರ ಹಿಂದಿನ ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದವರಲ್ಲಿ ಲಲಿತ್ ಅತುಲತ್‌ಮುದಲಿ ಕೂಡ ಒಬ್ಬರು. ಅವರೂ ಲಂಕೆಯವರೇ, ಅವರೂ ಮುಂದೆ ಮಂತ್ರಿಯಾದರು. 1993ರಲ್ಲಿ ಅವರೂ ಗುಂಡೇಟಿಗೆ ಬಲಿಯಾದರು.

1963ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಇವರನ್ನು ವಿಯೆಟ್ನಾಂಗೆ ಕಳಿಸಿತು. ಆ ಸಂಸ್ಥೆ ಶುರುವಾಗಿ ಆಗಿನ್ನೂ ಎರಡೇ ವರ್ಷ. ಅಲ್ಲಿನ ಸರ್ಕಾರ ಬೌದ್ಧರನ್ನು ಹಿಂಸಿಸುತ್ತಿದೆ ಅನ್ನುವ ದೂರಿನ ತನಿಖೆ ಇವರ ಕೆಲಸ. ಮುಂದೆ ಮಂತ್ರಿಯಾದ ಮೇಲೆ ಇದೇ ಮನುಷ್ಯ ಮಾನವ ಹಕ್ಕು ಸಂಸ್ಥೆಗಳ ಎದುರು ಕೂತು ತಮ್ಮ ಸರ್ಕಾರದ ಪರ ವಾದಿಸಬೇಕಾಯಿತು. ಆಮೇಲೆ ಜಿನೀವಾ. 1976ರಿಂದ 1988ರವರೆಗೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಪೇಟೆಂಟ್, ಕಾಪಿರೈಟ್ ವ್ಯವಹಾರ. 1983ರ ಜುಲೈನಲ್ಲಿ ತಮಿಳರ ವಿರುದ್ಧದ ಗಲಭೆಯಲ್ಲಿ ಕೊಲಂಬೊದ ತಮಿಳರ ಮನೆ, ಅಂಗಡಿಗಳು ಉರಿಯುವಾಗ ಅವರು ಜಿನೀವಾದಲ್ಲಿದ್ದರು. ನನ್ನ ಮನೆ ಓನರ್ ಈ ಮಾತನ್ನು ಎಷ್ಟು ಸಲ ಎತ್ತಿ ಆಡಿದರೋ ಲೆಕ್ಕವಿಲ್ಲ. ‘ನಾವು ಬೆಂಕಿಯಲ್ಲಿದ್ದೆವು, ಅವರು ಸರೋವರದ ದಡದಲ್ಲಿದ್ದರು’ ಅನ್ನುತ್ತಿದ್ದರು. ನ್ಯಾಯವಾದ ಮಾತೋ ಅಲ್ಲವೋ, ಆ ಸಿಟ್ಟು ಮಾತ್ರ ನಿಜವಾದದ್ದು.

ಈಗ ಮಂತ್ರಿಗಿರಿ. 1994ರಲ್ಲಿ ಲಂಕೆಯ ಪರಿಸ್ಥಿತಿ ಏನಿತ್ತು ನೋಡಿ. 1983ರ ಗಲಭೆಯಿಂದ ಸರ್ಕಾರದ ಹೆಸರು ಹೊರಗೆಲ್ಲ ಕೆಟ್ಟಿತ್ತು. ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಲಂಡನ್ನಿನಲ್ಲಿ ರಾಜಾರೋಷವಾಗಿ ಕಚೇರಿ ನಡೆಸುತ್ತಿತ್ತು. ಬ್ರಿಟನ್, ಕೆನಡಾ, ಯುರೋಪಿನ ವಲಸಿಗರಿಂದ ದುಡ್ಡು ಎತ್ತುತ್ತಿತ್ತು. ರಾಜೀವ್ ಗಾಂಧಿ ಹತ್ಯೆಯ ನಂತರ, 1992ರಲ್ಲಿ ಭಾರತವೇನೋ ಅದನ್ನು ನಿಷೇಧಿಸಿತ್ತು. (ಹತ್ಯೆಯ ರೂವಾರಿ ಶಿವರಾಸನ್ ಕೊನೆಗೆ ಹೆಣವಾಗಿ ಸಿಕ್ಕಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ. ನಿಮಗೂ ನೆನಪಿರಬಹುದು.) ಆದರೆ ಪಶ್ಚಿಮದ ದೇಶಗಳ ಕಣ್ಣಿಗೆ ಅದು ಅಲ್ಪಸಂಖ್ಯಾತರ ಪರ ಹೋರಾಡುವ ಗುಂಪು, ಅಷ್ಟೇ.

ಅಲ್ಲ, ಇದು ಭಯೋತ್ಪಾದಕ ಗುಂಪು ಅನ್ನುವ ವಾದವನ್ನು ಒಬ್ಬ ಸಿಂಹಳ ಮಂತ್ರಿ ಹೋಗಿ ಮಂಡಿಸಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕದಿರ್‌ಗಾಮರ್ ಹೋದರು. ನಾನೂ ತಮಿಳನೇ, ಎಲ್‌ಟಿಟಿಇ ನಾಯಕ ಪ್ರಭಾಕರನ್ ನನ್ನ ಪ್ರತಿನಿಧಿಯಲ್ಲ ಅನ್ನುವುದು ಅವರ ನಿಲುವು. ಆಕ್ಸ್‌ಫರ್ಡ್ ಇಂಗ್ಲಿಷು, ಅಂತರರಾಷ್ಟ್ರೀಯ ಕಾನೂನಿನ ಹಿಡಿತ, ಎದುರಿಗಿರುವವರ ಕಾನೂನನ್ನೇ ಓದಿಕೊಂಡು ಬರುವ ಅಭ್ಯಾಸ. ನಿಮ್ಮ ನೆಲದಲ್ಲಿ ಎತ್ತಿದ ದುಡ್ಡಿನಿಂದ ನಮ್ಮ ಊರಿನಲ್ಲಿ ಬಾಂಬ್ ಸಿಡಿಯುತ್ತಿದೆ, ಇದಕ್ಕೆ ನೀವೂ ಹೊಣೆ ಅಲ್ಲವೇ ಅಂತ ಒಂದೊಂದು ರಾಜಧಾನಿಯಲ್ಲೂ ಕೇಳಿದರು. 1997ರ ಅಕ್ಟೋಬರಿನಲ್ಲಿ ಅಮೆರಿಕ ಎಲ್‌ಟಿಟಿಇಯನ್ನು ಭಯೋತ್ಪಾದಕ ಸಂಘಟನೆ ಅಂತ ಪಟ್ಟಿಗೆ ಹಾಕಿತು. 2001ರಲ್ಲಿ ಬ್ರಿಟನ್ ಹಾಕಿತು. ಎರಡೂ ಸೆಪ್ಟೆಂಬರ್ 11ರ ದಾಳಿಗೆ ಮುಂಚೆಯೇ ಆದವು ಅನ್ನುವುದನ್ನು ಗಮನಿಸಿ. ಆಮೇಲಾದರೆ ಯಾರು ಬೇಕಾದರೂ ಈ ಕೆಲಸ ಮಾಡಿಸಬಹುದಿತ್ತು.

ಬೇರೆ ಕೆಲಸಗಳೂ ಇದ್ದವು. 1998ರ ಭಾರತ-ಲಂಕಾ ಮುಕ್ತ ವ್ಯಾಪಾರ ಒಪ್ಪಂದ ಅವರ ಕಾಲದ್ದು. 1999ರಲ್ಲಿ ವಿಶ್ವಸಂಸ್ಥೆ ವೈಶಾಖ ಹುಣ್ಣಿಮೆಗೆ ಮಾನ್ಯತೆ ಕೊಟ್ಟಿದ್ದರ ಹಿಂದೆಯೂ ಇದ್ದವರು ಇವರೇ. ಬುದ್ಧ ಹುಣ್ಣಿಮೆಗೆ ಓಡಾಡಿದವರು ಒಬ್ಬ ಕ್ರೈಸ್ತ ತಮಿಳರು! 2000ದಲ್ಲಿ ಜಾಫ್ನಾಕ್ಕೆ ಹೋಗುವ ದಾರಿಯಲ್ಲಿದ್ದ ಆನೆಯಿರವು ಸೇನಾ ನೆಲೆ ಎಲ್‌ಟಿಟಿಇ ಕೈಗೆ ಹೋಗಿ, ಜಾಫ್ನಾದಲ್ಲಿ ಸಾವಿರಾರು ಸೈನಿಕರು ಸಿಕ್ಕಿಹಾಕಿಕೊಂಡರು. ಭಾರತ ಸೇನಾ ಸಹಾಯಕ್ಕೆ ಒಪ್ಪಲಿಲ್ಲ. ಲಂಕಾ ಸರ್ಕಾರ ಕಡಿದುಕೊಂಡಿದ್ದ ಇಸ್ರೇಲ್ ಸಂಬಂಧವನ್ನು ಗಡಿಬಿಡಿಯಲ್ಲಿ ಮತ್ತೆ ಕೂಡಿಸಿಕೊಂಡಿತು.

ಕ್ರಿಕೆಟ್ ಹುಚ್ಚಿನ ಒಂದು ಪ್ರಸಂಗ ಹೇಳದೆ ಬಿಡಲಾರೆ. 1996ರ ಜನವರಿ 31ರಂದು ಎಲ್‌ಟಿಟಿಇಯವರು ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ ಬಾಂಬ್ ಹಾಕಿ 90ಕ್ಕೂ ಹೆಚ್ಚು ಜನರನ್ನು ಕೊಂದರು. ವಿಶ್ವಕಪ್ ಹೊಸ್ತಿಲಲ್ಲಿತ್ತು. ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್ ಕೊಲಂಬೊಗೆ ಬರುವುದಿಲ್ಲ ಅಂದವು. ಶಾಪಿಂಗ್ ಮಾಡಲೂ ಆಗದು ಅನ್ನುವ ಅರ್ಥದ ಮಾತು ಶೇನ್ ವಾರ್ನ್ ಬಾಯಲ್ಲಿ ಬಂತು. ಶಾಪಿಂಗೆಲ್ಲ ನಾಜೂಕಯ್ಯಗಳಿಗೆ ಅಂತ ಕದಿರ್‌ಗಾಮರ್ ಚುಚ್ಚಿದರು. ಆಸ್ಟ್ರೇಲಿಯಾ ಕೆರಳಿತು. ಮಾತು ಬೆಳೆಯುತ್ತಿದೆ ಅನ್ನಿಸಿದಾಗ ಅಲ್ಲಿನ ವಿದೇಶಾಂಗ ಮಂತ್ರಿಗೆ ಒಂದು ಹೂಗುಚ್ಛ ಕಳಿಸಿ ತಣ್ಣಗೆ ಮಾಡಿದರು. ಅದೇ ಫೆಬ್ರುವರಿಯಲ್ಲಿ ಭಾರತ, ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ ಕೊಲಂಬೊಗೆ ಹೋಗಿ ಆಡಿದರು. ನಮ್ಮ ಅನಿಲ್ ಕುಂಬ್ಳೆ ಆ ತಂಡದಲ್ಲಿದ್ದರು. ಆ ವಿಶ್ವಕಪ್ ಗೆದ್ದಿದ್ದು ಶ್ರೀಲಂಕಾ, ಫೈನಲ್‌ನಲ್ಲಿ ಸೋಲಿಸಿದ್ದು ಅದೇ ಆಸ್ಟ್ರೇಲಿಯಾವನ್ನು.

ಇನ್ನು ದ್ರೋಹಿ ಅನ್ನುವ ಮಾತು. ಎಲ್‌ಟಿಟಿಇ ಹಾಗೆ ಕರೆದಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಗಲ್ಲಾಪೆಟ್ಟಿಗೆಗೇ ಇವರು ಕೈ ಹಾಕಿದ್ದರು. ಆದರೆ ಎಲ್‌ಟಿಟಿಇಯನ್ನು ದ್ವೇಷಿಸುತ್ತಿದ್ದ ತಮಿಳರಿಗೂ ಇವರ ಮೇಲೆ ಬೇಸರವಿತ್ತು. ನನ್ನ ಮನೆ ಓನರ್ ಅಂಥವರೇ. 1995ರ ಜುಲೈನಲ್ಲಿ ಜಾಫ್ನಾದ ನವಾಲಿ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಜನರ ಮೇಲೆ ವಾಯುಪಡೆಯ ಬಾಂಬ್ ಬಿದ್ದು ಹತ್ತಾರು ಮಂದಿ ಸತ್ತರು. ರೆಡ್‌ಕ್ರಾಸ್ ಅದನ್ನು ಹೊರಜಗತ್ತಿಗೆ ಹೇಳಿತು. ಕದಿರ್‌ಗಾಮರ್ ರೆಡ್‌ಕ್ರಾಸ್ ಮೇಲೆಯೇ ಹರಿಹಾಯ್ದರು. ವಕೀಲರು ಅಂದೆನಲ್ಲ, ಅದು ಇಲ್ಲಿಗೆ ಬರುತ್ತದೆ. ಅವರ ಕಕ್ಷಿದಾರ ಶ್ರೀಲಂಕಾ ಸರ್ಕಾರ. ಕಕ್ಷಿದಾರನ ತಪ್ಪನ್ನು ಕೋರ್ಟಿನಲ್ಲಿ ಎತ್ತಿ ಆಡುವ ವಕೀಲ ಎಲ್ಲಿದ್ದಾನೆ? ಒಳಗೆ ಕೂತು ಏನು ಹೇಳುತ್ತಿದ್ದರೋ, ಹೊರಗೆ ಮಾತ್ರ ಒಂದಿಂಚೂ ಬಿಟ್ಟುಕೊಡುತ್ತಿರಲಿಲ್ಲ.

ಅದೇ ಕಾಲದಲ್ಲಿ ಇನ್ನೊಬ್ಬ ತಮಿಳು ವಕೀಲರಿದ್ದರು, ನೀಲನ್ ತಿರುಚೆಲ್ವಂ. ಅವರು ತಮಿಳು ಪಕ್ಷದಲ್ಲೇ ಇದ್ದುಕೊಂಡು, ಪ್ರಾಂತ್ಯಗಳಿಗೆ ಅಧಿಕಾರ ಹಂಚುವ ಸಂವಿಧಾನದ ಕರಡಿಗೆ ದುಡಿದರು. 1999ರಲ್ಲಿ ಆತ್ಮಾಹುತಿ ಬಾಂಬರ್ ಅವರನ್ನು ಕೊಂದ. ಇಬ್ಬರಲ್ಲಿ ಯಾರು ದೊಡ್ಡವರು ಅಂತ ನನ್ನನ್ನು ಕೇಳಿದರೆ ನೀಲನ್ ಅನ್ನುತ್ತೇನೆ. ಅವರು ಮಾಡಿದ್ದು ರೋಗಕ್ಕೆ ಮದ್ದು ಹುಡುಕುವ ಕೆಲಸ. ಆದರೆ ಆ ಕರಡು ಪಾಸಾಗಲೇ ಇಲ್ಲ. ಕದಿರ್‌ಗಾಮರ್ ಹಿಡಿದ ಕೇಸು ಗೆದ್ದಿತು.

ಸಿಂಹಳರು ಅವರನ್ನು ಹೊತ್ತು ಮೆರೆದರು, ಒಂದು ಮೆಟ್ಟಿಲಿನವರೆಗೆ. 2004ರ ಏಪ್ರಿಲ್‌ನಲ್ಲಿ ಚಂದ್ರಿಕಾ ಅವರ ಕೂಟ ಮತ್ತೆ ಗೆದ್ದಾಗ ಪ್ರಧಾನಿ ಹುದ್ದೆಗೆ ಇವರ ಹೆಸರು ಜೋರಾಗಿ ಓಡಾಡಿತು. ಕಟ್ಟಾ ಸಿಂಹಳ ಎಡಪಕ್ಷವಾದ ಜೆವಿಪಿ ಕೂಡ ಇವರ ಪರ ಇತ್ತು. ಕೊನೆಗೆ ಹುದ್ದೆ ಹೋಗಿದ್ದು ಮಹಿಂದ ರಾಜಪಕ್ಸ ಅವರಿಗೆ. ಇವರು ಮತ್ತೆ ವಿದೇಶಾಂಗ ಮಂತ್ರಿ. ನಮ್ಮ ಆಫೀಸಿನ ಡ್ರೈವರ್ ಇವರ ಫೋಟೊ ಇಟ್ಟುಕೊಳ್ಳುವಷ್ಟು ಅಭಿಮಾನಿ. ಆದರೆ ಪ್ರಧಾನಿ ಆಗಬಹುದಿತ್ತಲ್ಲ ಅಂತ ಕೇಳಿದಾಗ ಸುಮ್ನೆ ನಕ್ಕು ಗೇರ್ ಬದಲಿಸಿದ.

2005ರ ಆಗಸ್ಟ್ 12, ಶುಕ್ರವಾರ ರಾತ್ರಿ. ಕೊಲಂಬೊ 7ರ ಬುಲ್ಲರ್ಸ್ ಲೇನ್‌ನಲ್ಲಿ ಅವರ ಖಾಸಗಿ ಮನೆ. ಈಜಿ ಮೇಲೆ ಬಂದಿದ್ದರು. ಪಕ್ಕದ ಮನೆಯ ಮಹಡಿಯಲ್ಲಿ ಅಡಗಿದ್ದವರು ಗುಂಡು ಹಾರಿಸಿದರು. ಅವರಿಗೆ 73 ವರ್ಷ. ರಾತ್ರೋರಾತ್ರಿ ತುರ್ತು ಪರಿಸ್ಥಿತಿ ಬಂತು. ಎಲ್‌ಟಿಟಿಇ ತನ್ನ ಕೈವಾಡವಿಲ್ಲ ಅಂದಿತು, ನಂಬಿದವರು ಕಡಿಮೆ. ಬೆಳಿಗ್ಗೆ ನಮ್ಮ ಬೀದಿಯಲ್ಲಿ ತಪಾಸಣೆ. ಮನೆ ಓನರ್ ಗುರುತಿನ ಚೀಟಿ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತಿದ್ದರು. ‘ಅವರು ಬದುಕಿದ್ದಾಗಲೂ ನಮಗೆ ಇದೇ ಸಾಲು, ಸತ್ತಾಗಲೂ ಇದೇ ಸಾಲು’ ಅಂದರು. ಸಂಜೆ ನೋಡಿದರೆ ಟಿವಿ ಮುಂದೆ ಕೂತು ಅಳುತ್ತಿದ್ದರು.

ಯುರೋಪಿನ ಒಕ್ಕೂಟ ಅಲ್ಲಿಯವರೆಗೆ ಎಲ್‌ಟಿಟಿಇಯನ್ನು ನಿಷೇಧಿಸಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಎಲ್‌ಟಿಟಿಇ ನಿಯೋಗಗಳಿಗೆ ಬಾಗಿಲು ಮುಚ್ಚಿತು. 2006ರ ಏಪ್ರಿಲ್‌ನಲ್ಲಿ ಕೆನಡಾ ನಿಷೇಧ ಹಾಕಿತು, ಮೇ ತಿಂಗಳಲ್ಲಿ ಯುರೋಪೂ ಹಾಕಿತು.