ಬಟವಾಡೆ ಸಂಜೆಯ ನೈಂಟಿ

(ಹೆಸರು, ವಯಸ್ಸು, ಗುರುತು ಹಿಡಿಯಬಹುದಾದ ವಿವರ ಬದಲಿಸಿದ್ದೇನೆ.)

ಕೊಡಗಿನ ಕಾಫಿ ತೋಟವೊಂದರ ಕೂಲಿಯವರ ಲೈನ್‌ಮನೆಯಿಂದ, ಕುಡಿತ ಬಿಡುವ ಸಲಹೆಗೆಂದು ಜನವರಿಯಲ್ಲಿ ನನ್ನ ಬಳಿ ಬಂದ ಜೇನುಕುರುಬ ಬುಡಕಟ್ಟಿನ ದಂಪತಿ. ಕಾಳಣ್ಣನಿಗೆ ನಲವತ್ತರ ಆಸುಪಾಸು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದರು; ಬಿಟ್ಟರೆ ಬೆರಳು ನಡುಗುತ್ತಿದ್ದವು. ಮಾತಾಡಿದ್ದು ಹೆಂಡತಿ.

"ದೇವ್ರ ಮೇಲೆ ಆಣೆ ಇಟ್ಟು ಬಿಟ್ಟಿದ್ದ ಮೇಡಂ. ಎರಡನೇ ದಿನ ರಾತ್ರಿ ಕೈಕಾಲು ಸೆಟ್ಕೊಂಡು ಬಾಯಲ್ಲಿ ನೊರೆ ಬಂತು. ಗಾಳಿ ಹಿಡೀತು ಅಂದ್ರು. ಒಂದು ನೈಂಟಿ ಕುಡಿಸಿದ್ವಿ, ನಡುಕ ನಿಂತ್ತು." ಸ್ವಲ್ಪ ತಡೆದು, "ನಾನೂ ಕುಡೀತೀನಿ, ಸುಳ್ಳು ಯಾಕೆ" ಎಂದರು.

ಗಾಳಿಯಲ್ಲ ಅದು. ನೈಂಟಿ ಅಂದರೆ 90 ಮಿ.ಲೀ. ಮದ್ಯ; ದಿನಕ್ಕೆ ಮೂರು ಅಂದರೆ ಸುಮಾರು 90 ಗ್ರಾಂ ಆಲ್ಕೋಹಾಲ್. ವರ್ಷಗಟ್ಟಲೆ ಅದಕ್ಕೆ ಒಗ್ಗಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಮೂರು-ನಾಲ್ಕನೇ ದಿನ ಭ್ರಮೆ. ಜೀವ ಹೋದದ್ದೂ ಉಂಟು. ಆಣೆ ಹಾಕಿಸುವ ಹಿತೈಷಿಗಳಿಗೆ ಇದು ಗೊತ್ತಿರುವುದಿಲ್ಲ. ಮೊದಲ ಸಲಹೆ ಹಾಗಾಗಿ ಒಂದೇ: ಮನೆಯಲ್ಲಿ ಬಿಡಬೇಡಿ, ಆಸ್ಪತ್ರೆಗೆ ಸೇರಿ. ಐದು ದಿನ ಸೇರಿಸಿಕೊಂಡರು. ಥಯಾಮಿನ್ ಇಂಜೆಕ್ಷನ್, ದಿನದಿನಕ್ಕೂ ಇಳಿಸುತ್ತ ಬಂದ ಮಾತ್ರೆ.

ವಾರ್ಡಿನಲ್ಲಿ ಯಾರೋ "ಇವರ ರಕ್ತದಲ್ಲೇ ಇದೆ ಕುಡಿತ" ಅಂದರು. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕಾಳಣ್ಣನನ್ನು ಕೇಳಿ. ಅಪ್ಪ ನಾಗರಹೊಳೆ ಕಾಡೊಳಗಿದ್ದವರು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹೊರಬಿದ್ದು ತೋಟ ಸೇರಿದವರು. "ಹೆಜ್ಜೇನಿಗೆ ಹೋಗೋ ಮುಂಚೆ ಅಪ್ಪ ಮುಟ್ತಿರ್ಲಿಲ್ಲ. ಕುಡಿದು ಮರ ಹತ್ತಿದ್ರೆ ಬೀಳ್ತೀವಲ್ಲ." ಮಗನಿಗೆ ಹತ್ತುವ ಮರವಿಲ್ಲ, ಜೀಪಿದೆ. ಸಂಜೆ ಜೀಪಿನಿಂದ ಇಳಿಯುವಾಗ ಮೇಸ್ತ್ರಿ ಕೈಗೊಂದು ಮದ್ಯದ ಪ್ಯಾಕೆಟ್ ಇಡುತ್ತಾನೆ. ಶನಿವಾರ ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾನೆ. ಬಾಕಿ ತೀರುವುದಿಲ್ಲ, ಜೀಪು ತಪ್ಪುವುದಿಲ್ಲ. 2007ರಲ್ಲಿ ಸಾರಾಯಿ ನಿಷೇಧವಾದಾಗ ಇದೆಲ್ಲ ಮುಗಿಯಿತು ಅಂದುಕೊಂಡಿದ್ದೆವು.

ಅವರು ಹೋಗುವಾಗ ನಾನು ಹೇಳಿದ್ದು ಇಷ್ಟು. ಕೂಲಿ ಹೆಂಡತಿಯ ಬ್ಯಾಂಕ್ ಖಾತೆಗೆ ಬರಲಿ. ಪ್ಯಾಕೆಟ್ ಲೆಕ್ಕ ಕೂಲಿಯಲ್ಲಿ ಸೇರಕೂಡದು, ಕೂಲಿ ಹಣದಲ್ಲೇ ಸಿಗಬೇಕು. ಮುಂಗಡದ ಹೆಸರಲ್ಲಿ ಬೇರೆ ತೋಟಕ್ಕೆ ಬಿಡದಿದ್ದರೆ ಅದು ಜೀತ. 1976ರ ಕಾಯ್ದೆಯಿದೆ, ತಹಶೀಲ್ದಾರರಿಗೆ ಅರ್ಜಿ ಬರೆದುಕೊಡುತ್ತೇನೆ. ಸಂಜೆ ಜೀಪು ಹತ್ತುವ ಮುಂಚೆ ಹೊಟ್ಟೆ ತುಂಬಾ ಏನಾದರೂ ತಿನ್ನಿ, ಹಸಿದ ಹೊಟ್ಟೆ ಪ್ಯಾಕೆಟ್ಟನ್ನೇ ಕೇಳುತ್ತದೆ. ಹೆಂಡತಿಯೂ ಡಾಕ್ಟರನ್ನು ಕೇಳಿಕೊಂಡು ಜೊತೆಗೇ ನಿಲ್ಲಿಸಲಿ. ಒಂದೇ ಕೋಣೆಯಲ್ಲಿ ಒಬ್ಬರು ಕುಡಿದು ಇನ್ನೊಬ್ಬರು ಬಿಡುವುದು ಆಗದ ಮಾತು. ರಾತ್ರಿ ಕಷ್ಟವಾದರೆ 14416ಕ್ಕೆ, ಟೆಲಿ ಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತೆ, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಜೇನು ಕೀಳುವ ಹಕ್ಕು ಕೇಳಬಹುದು, ಹಾಡಿಯ (ಬುಡಕಟ್ಟಿನವರ ಊರಿನ) ಯಜಮಾನರ ಜೊತೆ ಕೂತು ಅರ್ಜಿ ಹಾಕಿ. ಇದನ್ನು ಹೇಳಿದಾಗ ಮಾತ್ರ ಕಾಳಣ್ಣ ತಲೆಯೆತ್ತಿ ನೋಡಿದರು.

ಪ್ಯಾಕೆಟ್ ಇಲ್ಲದ ಕೂಲಿಗೆ ಮೇಸ್ತ್ರಿ ಮೂರು ವಾರ ಒಪ್ಪಿದ. ನಾಲ್ಕನೇ ವಾರ ಜೀಪಿನಲ್ಲಿ ಜಾಗವಿಲ್ಲ ಅಂದ. ಈಗ ಗಂಡ ಹೆಂಡತಿ ನಡೆದೇ ಬೇರೆ ತೋಟಕ್ಕೆ ಹೋಗುತ್ತಾರೆ. ಮೇ ತಿಂಗಳಲ್ಲಿ ಆದಿವಾಸಿಗಳ ಕುಂಡೆ ಹಬ್ಬದಲ್ಲಿ ಕಾಳಣ್ಣ ಎರಡು ದಿನ ಕುಡಿದರು, ಮೂರನೇ ದಿನ ತಾವಾಗಿಯೇ ಬಂದರು. ಬೈಯಲಿಲ್ಲ, ನಡುಕ ನೋಡಿ ಡಾಕ್ಟರ ಬಳಿ ಕಳಿಸಿದೆ. ಮುಂದಿನ ಭೇಟಿ ಯಾವ ದಿನ ಎಂದು ಕೇಳಿದ್ದಕ್ಕೆ "ಶನಿವಾರ ಸಂಜೆ ಕೊಡಿ ಮೇಡಂ" ಅಂದರು.