ಬಿಲ್ಲಿನ ರೀಡಿಂಗ್ ಒಂದು, ಮೀಟರಿನ ರೀಡಿಂಗ್ ಇನ್ನೊಂದು

ಓದುಗರ ಪ್ರಶ್ನೆಗಳಿಗೆ ಉತ್ತರ: ವಿದ್ಯುತ್ ಮತ್ತು ಅನಿಲ ಬಿಲ್ಲುಗಳ ತಕರಾರು

ಪ್ರಶ್ನೆ: ನಮ್ಮ ಮನೆಯಲ್ಲಿ ತಿಂಗಳಿಗೆ 180ರಿಂದ 190 ಯೂನಿಟ್ ವಿದ್ಯುತ್ ಬಳಕೆಯಾಗುತ್ತದೆ. ಈ ತಿಂಗಳು 455 ಯೂನಿಟ್ ಎಂದು ಬಿಲ್ಲು ಬಂದಿದೆ. ಅದರಲ್ಲಿ ಹಿಂದಿನ ರೀಡಿಂಗ್ 18,512, ಈಗಿನ ರೀಡಿಂಗ್ 18,967 ಎಂದಿದೆ. ಬಿಲ್ಲು ಬಂದ ಏಳು ದಿನಗಳ ಮೇಲೆ ನಾನು ಮೀಟರ್ ನೋಡಿದಾಗ ಅದರಲ್ಲಿ 18,741 ಇತ್ತು. ಕಚೇರಿಯಲ್ಲಿ ವಿಚಾರಿಸಿದರೆ, ಮೊದಲು ಪೂರ್ತಿ ಹಣ ಕಟ್ಟಿ, ಮುಂದಿನ ತಿಂಗಳು ಹೊಂದಾಣಿಕೆಯಾಗುತ್ತದೆ, ಕಟ್ಟದಿದ್ದರೆ ಸಂಪರ್ಕ ಕಡಿತವಾಗುತ್ತದೆ ಎಂದರು. ಏನು ಮಾಡಲಿ?

ಉತ್ತರ: ನಿಮ್ಮ ತಕರಾರಿಗೆ ಬೇಕಾದ ಪುರಾವೆಯನ್ನು ಪತ್ರದಲ್ಲಿ ನೀವೇ ಬರೆದು ಕಳುಹಿಸಿದ್ದೀರಿ. ಮನೆಬಳಕೆಯ ಸಾಮಾನ್ಯ ಮೀಟರಿನ ಅಂಕಿ ಮುಂದಕ್ಕೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ಏಳು ದಿನಗಳ ಹಿಂದೆ 18,967 ಇದ್ದ ಮೀಟರ್ ಈಗ 18,741 ತೋರಿಸುವುದು ಸಾಧ್ಯವಿಲ್ಲದ ಮಾತು. ಅಂದರೆ ಬಿಲ್ಲಿನಲ್ಲಿರುವ ಅಂಕಿ ನಿಮ್ಮ ಮೀಟರಿನ ಮೇಲೆ ಇನ್ನೂ ಮೂಡಿಯೇ ಇಲ್ಲ.

ತಪ್ಪು ಹೇಗಾಯಿತೆಂಬುದನ್ನೂ ಹೆಚ್ಚುಕಡಿಮೆ ಊಹಿಸಬಹುದು. ಬಿಲ್ಲಿನ ಅಂಕಿಯಲ್ಲಿರುವ 9 ಮತ್ತು 6 ಅದಲುಬದಲಾಗಿವೆ ಎಂದುಕೊಂಡರೆ ನಿಜವಾದ ರೀಡಿಂಗ್ 18,697 ಆಗುತ್ತದೆ, ಬಳಕೆ 185 ಯೂನಿಟ್ಟಿಗೆ ಇಳಿಯುತ್ತದೆ. ಅಲ್ಲಿಂದ ನೀವು ನೋಡಿದ 18,741ರವರೆಗೆ ಏಳು ದಿನಗಳಲ್ಲಿ 44 ಯೂನಿಟ್, ಎಂದರೆ ದಿನಕ್ಕೆ ಆರು ಯೂನಿಟ್ಟಿಗಿಂತ ತುಸು ಹೆಚ್ಚು. ತಿಂಗಳಿಗೆ 185 ಯೂನಿಟ್ ಎಂದರೂ ದಿನದ ಲೆಕ್ಕ ಅಷ್ಟೇ ಬರುತ್ತದೆ. ಲೆಕ್ಕಪತ್ರ ನೋಡುವವರಿಗೆ ಗೊತ್ತಿರುವ ಹಳೆಯ ಉಪಾಯವೊಂದಿದೆ: ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ಸರಿ ಸಂಖ್ಯೆಗೂ ತಪ್ಪು ಸಂಖ್ಯೆಗೂ ಇರುವ ವ್ಯತ್ಯಾಸ ಯಾವಾಗಲೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಇಲ್ಲಿನ ವ್ಯತ್ಯಾಸ 270. ಇದೊಂದೇ ಸಾಕ್ಷಿಯಾಗದು, ಆದರೆ ಮೀಟರಿನ ಫೋಟೊ ಜೊತೆಗಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಮುಂದಿನ ತಿಂಗಳ ಹೊಂದಾಣಿಕೆಯ ಮಾತನ್ನು ನೀವು ಒಪ್ಪದಿರುವುದೇ ಒಳ್ಳೆಯದು. ಮುಂದಿನ ತಿಂಗಳೂ ನೀವು 185 ಯೂನಿಟ್ ಬಳಸಿದರೆ ಮೀಟರ್ 18,882ಕ್ಕೆ ಬಂದು ನಿಲ್ಲುತ್ತದೆ. ಅದು ಬಿಲ್ಲಿನಲ್ಲಿ ಈಗಾಗಲೇ ದಾಖಲಾಗಿರುವ 18,967ಕ್ಕಿಂತ ಕಡಿಮೆ. ಆಗ ರೀಡಿಂಗ್ ತೆಗೆದುಕೊಳ್ಳುವವರು ಕಂಪ್ಯೂಟರಿಗೆ ಏನೆಂದು ತುಂಬಬೇಕು? ಹೊಸ ಅಂಕಿ ಹಳೆಯದಕ್ಕಿಂತ ಕಡಿಮೆಯಿದ್ದರೆ ಮೀಟರ್ 99,999 ಮುಟ್ಟಿ ಮತ್ತೆ ಸೊನ್ನೆಯಿಂದ ಶುರುವಾಗಿದೆ ಎಂದು ತಿಳಿದು, ಹತ್ತಾರು ಸಾವಿರ ಯೂನಿಟ್ಟಿನ ಬಿಲ್ಲು ಸಿದ್ಧಪಡಿಸುವ ತಂತ್ರಾಂಶವೂ ಇರಬಹುದು. ಅದಾಗದಿದ್ದರೂ ದರದ ಪ್ರಶ್ನೆ ಉಳಿಯುತ್ತದೆ. ಬಳಕೆ ಹೆಚ್ಚಿದಂತೆ ಯೂನಿಟ್ ದರವೂ ಏರುವ ಸ್ಲ್ಯಾಬ್ ಪದ್ಧತಿ ಇರುವಲ್ಲಿ, ಇಲ್ಲದ 270 ಯೂನಿಟ್ಟಿಗೆ ಮೇಲಿನ ಸ್ಲ್ಯಾಬಿನ ದರ ಬಿದ್ದಿರುತ್ತದೆ. ಅದೇ ಯೂನಿಟ್ಟುಗಳು ಮುಂದಿನ ತಿಂಗಳು ಬಳಕೆಯಲ್ಲಿ ಕಳೆದುಹೋಗುವಾಗ ನಿಮಗೆ ಉಳಿಯುವುದು ಕೆಳಗಿನ ಸ್ಲ್ಯಾಬಿನ ದರ ಮಾತ್ರ. ಯೂನಿಟ್ ಲೆಕ್ಕ ಸರಿಹೋಗುತ್ತದೆ, ಹಣದ ಲೆಕ್ಕ ಸರಿಹೋಗುವುದಿಲ್ಲ. ಆದ್ದರಿಂದ ನೀವು ಕೇಳಬೇಕಾದದ್ದು ಹೊಂದಾಣಿಕೆಯನ್ನಲ್ಲ, ಇದೇ ತಿಂಗಳ ಬಿಲ್ಲನ್ನು ರದ್ದುಪಡಿಸಿ ಸರಿಯಾದ ರೀಡಿಂಗಿನ ಮೇಲೆ ಪರಿಷ್ಕೃತ ಬಿಲ್ಲು ಕೊಡುವುದನ್ನು.

ಇದನ್ನು ಬರವಣಿಗೆಯಲ್ಲಿ ಕೇಳಿ. ಕೌಂಟರಿನ ಮುಂದೆ ನಿಂತು ಆಡಿದ ಮಾತಿಗೆ ಕಡತದಲ್ಲಿ ಗುರುತು ಉಳಿಯುವುದಿಲ್ಲ. ಆ ದಿನ ಕುಳಿತಿದ್ದವರು ಮರುವಾರ ಬೇರೆ ಕಡೆ ಇರುತ್ತಾರೆ. ಮೀಟರಿನ ಫೋಟೊ ತೆಗೆಯುವಾಗ ಅಂಕಿಗಳ ಜೊತೆಗೆ ಮೀಟರಿನ ಕ್ರಮಸಂಖ್ಯೆಯೂ ಒಂದೇ ಚಿತ್ರದಲ್ಲಿ ಕಾಣುವಂತಿರಲಿ, ಇಲ್ಲದಿದ್ದರೆ ಅದು ಯಾರ ಮೀಟರೆಂಬ ಪ್ರಶ್ನೆ ಏಳುತ್ತದೆ. ಪರದೆಯ ಅಂಕಿಗಳು ಸರದಿಯಂತೆ ಬದಲಾಗುವ ಮೀಟರಾದರೆ, ದಿನಾಂಕ, ವೋಲ್ಟೇಜ್ ಮೊದಲಾದವು ಸರಿದುಹೋಗಿ ಒಟ್ಟು ಬಳಕೆ ಕಾಣಿಸುವವರೆಗೆ ಕಾಯಿರಿ. ಪತ್ರ ಉದ್ದವಿರಬೇಕಿಲ್ಲ. ನಾನು ಬರೆದರೆ ಇಷ್ಟೇ ಬರೆಯುತ್ತೇನೆ:

"ನನ್ನ ಗ್ರಾಹಕ ಸಂಖ್ಯೆ ಇಂಥದ್ದು, ಮೀಟರ್ ಸಂಖ್ಯೆ ಇಂಥದ್ದು. ಈ ತಿಂಗಳ ಬಿಲ್ಲಿನಲ್ಲಿ ಈಗಿನ ರೀಡಿಂಗ್ 18,967 ಎಂದು ನಮೂದಾಗಿದೆ. ಬಿಲ್ಲಿನ ದಿನಾಂಕದಿಂದ ಏಳು ದಿನಗಳ ನಂತರವೂ ಮೀಟರ್ 18,741 ತೋರಿಸುತ್ತಿದ್ದು, ಅದರ ಫೋಟೊ ಲಗತ್ತಿಸಿದೆ. ಸ್ಥಳ ಪರಿಶೀಲನೆ ನಡೆಸಿ, ಸದರಿ ಬಿಲ್ಲನ್ನು ರದ್ದುಪಡಿಸಿ ಪರಿಷ್ಕೃತ ಬಿಲ್ಲು ನೀಡಬೇಕೆಂದು ಕೋರುತ್ತೇನೆ. ವಿವಾದವಿಲ್ಲದ 185 ಯೂನಿಟ್ಟಿನ ಮೊತ್ತವನ್ನು ಪಾವತಿಸಲು ಸಿದ್ಧನಿದ್ದೇನೆ."

ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಆನ್‌ಲೈನಿನಲ್ಲಿ ದೂರು ಕೊಟ್ಟರೆ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಪತ್ರದ ಕೊನೆಯ ವಾಕ್ಯವನ್ನು ಬಿಡಬೇಡಿ. ಸಿಟ್ಟಿನಲ್ಲಿ ಒಂದು ಪೈಸೆಯನ್ನೂ ಕಟ್ಟದೆ ಕುಳಿತ ಗ್ರಾಹಕ, ತಕರಾರು ಹೂಡಿದವನಾಗಿ ಅಲ್ಲ, ಬಾಕಿದಾರನಾಗಿ ದಾಖಲಾಗುತ್ತಾನೆ. ಭಾರತದ 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿಯಬೇಕಾದರೆ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು. ಅದಕ್ಕೂ ಮಿಗಿಲಾಗಿ, ಕೇಳಿರುವ ಪೂರ್ತಿ ಮೊತ್ತ ಅಥವಾ ಹಿಂದಿನ ಆರು ತಿಂಗಳು ಕಟ್ಟಿದ ಶುಲ್ಕದ ಸರಾಸರಿಯ ಮೇಲೆ ಲೆಕ್ಕ ಹಾಕಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಗ್ರಾಹಕನು ಆಕ್ಷೇಪಣೆಗೆ ಒಳಪಟ್ಟು ಠೇವಣಿ ಇಟ್ಟರೆ, ವಿವಾದ ಇತ್ಯರ್ಥವಾಗುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಪೂರ್ತಿ ಕಟ್ಟಿ ಎಂದು ನಿಮಗೆ ಹೇಳಿದವರಿಗೆ ಈ ಕಲಮು ಗೊತ್ತಿಲ್ಲದಿರಲಾರದು. ಹಣ ಕಟ್ಟುವಾಗ ಆಕ್ಷೇಪಣೆಗೆ ಒಳಪಟ್ಟು ಪಾವತಿಸಲಾಗಿದೆ ಎಂಬ ಮಾತು ನಿಮ್ಮ ಪತ್ರದಲ್ಲಿ ಇರಲೇಬೇಕು.

ಕಚೇರಿಯಲ್ಲಿ ಪರಿಹಾರ ಸಿಗದಿದ್ದರೆ, ಅದೇ ಕಾಯ್ದೆಯ 42ನೇ ಕಲಮಿನಡಿ ಪ್ರತಿ ವಿತರಣಾ ಸಂಸ್ಥೆಯೂ ಸ್ಥಾಪಿಸಬೇಕಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಬಹುದು; ಅಲ್ಲಿನ ತೀರ್ಮಾನವೂ ಒಪ್ಪಿಗೆಯಾಗದಿದ್ದರೆ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನೇಮಿಸಿದ ಅಥವಾ ಗೊತ್ತುಪಡಿಸಿದ ಓಂಬುಡ್ಸ್‌ಮನ್ ಮುಂದೆ ಹೋಗಬಹುದು. ನಿಮ್ಮ ಪ್ರಕರಣ ಅಷ್ಟು ದೂರ ಹೋಗಲಾರದು. ಮೀಟರ್ ನೋಡಲು ಒಬ್ಬರು ಬಂದರೆ ಮುಗಿಯುತ್ತದೆ.

ಪ್ರಶ್ನೆ: ರೀಡಿಂಗ್ ಸರಿಯಾಗಿಯೇ ಇದೆ, ಆದರೆ ಮೀಟರೇ ವೇಗವಾಗಿ ಓಡುತ್ತಿದೆ ಎಂಬ ಅನುಮಾನ ನನಗಿದೆ. ಪರೀಕ್ಷೆಗೆ ಅರ್ಜಿ ಕೊಡುವ ಮೊದಲು ಮನೆಯಲ್ಲೇ ನೋಡಿಕೊಳ್ಳುವ ದಾರಿ ಇದೆಯೇ?

ಉತ್ತರ: ಇದೆ. ಮೊದಲು ಮನೆಯ ಮೇನ್ ಸ್ವಿಚ್ ಆರಿಸಿ, ಮೀಟರಿನ ಕೆಂಪು ದೀಪವನ್ನು ಕಾಲು ಗಂಟೆ ಗಮನಿಸಿ. ದೀಪ ಮಿನುಗುತ್ತಲೇ ಇದ್ದರೆ ತಪ್ಪು ಮೀಟರಿನದೇ ಎಂದು ತೀರ್ಮಾನಿಸಬೇಡಿ. ಮೀಟರಿನಿಂದ ಮೇನ್ ಸ್ವಿಚ್ಚಿನವರೆಗಿನ ತಂತಿಯಿಂದ ಬೇರೆ ಯಾರದೋ ಮನೆಗೆ ಅಥವಾ ಸಾಮಾನ್ಯ ಬಳಕೆಯ ಪಂಪಿಗೆ ಸಂಪರ್ಕ ಹೋಗಿರಬಹುದು. ಹಲವು ಮನೆಗಳ ಮೀಟರುಗಳು ಒಂದೇ ಕಡೆ ಇರುವ ಕಟ್ಟಡದಲ್ಲಿ ಮತ್ತೊಂದು ಸಾಧ್ಯತೆಯಿದೆ. ನೀವು ಮೇನ್ ಆರಿಸಿದಾಗ ನಿಂತದ್ದು ಪಕ್ಕದ ಮನೆಯ ಹೆಸರಿನ ಮೀಟರಾದರೆ, ಇಷ್ಟು ದಿನ ನೀವು ಅವರ ಬಿಲ್ಲನ್ನೂ ಅವರು ನಿಮ್ಮ ಬಿಲ್ಲನ್ನೂ ಕಟ್ಟಿಕೊಂಡು ಬಂದಿದ್ದೀರಿ ಎಂದರ್ಥ. ನನಗೆ ಬರುವ ಪತ್ರಗಳಲ್ಲಿ ನಿಜವಾಗಿಯೂ ವೇಗವಾಗಿ ಓಡುವ ಮೀಟರಿಗಿಂತ ಈ ಬಗೆಯ ತಪ್ಪುಗಳೇ ಹೆಚ್ಚು.

ದೀಪ ನಿಂತರೆ ಎರಡನೇ ಪರೀಕ್ಷೆ ಮಾಡಿ. ಮೀಟರಿನ ಮುಖದ ಮೇಲೆ ಒಂದು ಕಿಲೋವ್ಯಾಟ್ ಅವರ್‌ಗೆ, ಎಂದರೆ ಒಂದು ಯೂನಿಟ್ಟಿಗೆ, ದೀಪ ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಅದು 3,200 ಎಂದಿಟ್ಟುಕೊಳ್ಳೋಣ. ಬೇರೆಲ್ಲವನ್ನೂ ಆರಿಸಿ, 1,000 ವ್ಯಾಟಿನ ನೀರು ಕಾಯಿಸುವ ಕಾಯಿಲ್ ಒಂದನ್ನೇ ನೀರಿನಲ್ಲಿಟ್ಟು ಹಾಕಿದರೆ ಗಂಟೆಗೆ 3,200, ಮೂರು ನಿಮಿಷಕ್ಕೆ 160 ಸಲ ದೀಪ ಮಿನುಗಬೇಕು. ಎಣಿಸುವಾಗ ಕಣ್ಣು ತಪ್ಪುವುದು ಸಹಜವಾದ್ದರಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿ ನಿಧಾನವಾಗಿ ನೋಡುವುದು ಮೇಲು. ಇಸ್ತ್ರಿ ಪೆಟ್ಟಿಗೆ ಈ ಪರೀಕ್ಷೆಗೆ ಒಗ್ಗುವುದಿಲ್ಲ, ಏಕೆಂದರೆ ಬಿಸಿಯಾದಂತೆ ಅದು ತಾನಾಗಿ ಆರಿ ಹತ್ತುತ್ತಿರುತ್ತದೆ. ಕಾಯಿಲಿನ ವ್ಯಾಟ್ ಕೂಡ ವೋಲ್ಟೇಜಿಗೆ ತಕ್ಕಂತೆ ಬದಲಾಗುತ್ತದೆ: 230 ವೋಲ್ಟಿಗೆಂದು ಮಾಡಿದ್ದು 240 ವೋಲ್ಟಿನಲ್ಲಿ ಸುಮಾರು ಶೇ 9ರಷ್ಟು ಹೆಚ್ಚು ವಿದ್ಯುತ್ ಎಳೆಯುತ್ತದೆ. ಹೀಗಾಗಿ 170 ಅಥವಾ 175 ಬಂದರೆ ಸುಮ್ಮನಿರಿ. 200 ದಾಟಿದರೆ ಅರ್ಜಿ ಬರೆಯಿರಿ.

ಮನೆಯ ಈ ಎಣಿಕೆ ನಿಮ್ಮ ಸಮಾಧಾನಕ್ಕೆ ಮಾತ್ರ. ವಿವಾದದಲ್ಲಿ ನಿಲ್ಲುವುದು ಅಧಿಕೃತ ಪರೀಕ್ಷೆಯ ವರದಿ. ಭಾರತದಲ್ಲಿ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಮೀಟರ್ ದೂರು ಬಂದ 30 ದಿನಗಳೊಳಗೆ ಪರೀಕ್ಷೆ ನಡೆಯಬೇಕೆನ್ನುತ್ತವೆ. ರೀಡಿಂಗ್ ತಮ್ಮ ನಿಜವಾದ ಬಳಕೆಗೆ ಹೊಂದುವುದಿಲ್ಲವೆಂದು ಗ್ರಾಹಕರು ದೂರಿದರೆ, ದೂರು ಬಂದ ಐದು ದಿನಗಳೊಳಗೆ ಹೆಚ್ಚುವರಿ ಮೀಟರೊಂದನ್ನು ಅಳವಡಿಸಿ ಕನಿಷ್ಠ ಮೂರು ತಿಂಗಳು ಬಳಕೆಯನ್ನು ತಾಳೆ ನೋಡಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ. ಅರ್ಜಿಯಲ್ಲಿ ಈ ನಿಯಮವನ್ನು ಹೆಸರಿಸಿ ಕೇಳಿ. ಹಳೆಯ ಮೀಟರನ್ನು ಕಳಚುವಾಗ ನೀವು ಎದುರಿಗಿರಬೇಕು, ಕೊನೆಯ ಅಂಕಿ ಮತ್ತು ಸೀಲಿನ ಸ್ಥಿತಿಯನ್ನು ಬರೆಸಿಕೊಳ್ಳಬೇಕು. ಆಮೇಲೆ ಸೀಲು ಒಡೆದಿತ್ತೆಂಬ ಮಾತು ಬಂದರೆ ವಿಷಯ ಬಿಲ್ಲಿನ ತಕರಾರಿನಿಂದ ಕಳ್ಳತನದ ಆರೋಪಕ್ಕೆ ಹೊರಳುತ್ತದೆ.

ಪ್ರಶ್ನೆ: ಮೂರು ವರ್ಷಗಳ ಹಿಂದೆ ತಪ್ಪು ದರ ಹಾಕಿದ್ದರಿಂದ ಕಡಿಮೆ ಬಿಲ್ಲು ಬಂದಿತ್ತೆಂದು ಈಗ ಒಮ್ಮೆಲೇ ಬಾಕಿ ಕೇಳುತ್ತಿದ್ದಾರೆ. ಎರಡು ವರ್ಷ ಕಳೆದ ಬಾಕಿ ಕೇಳುವಂತಿಲ್ಲ ಎಂದು ಕೇಳಿದ್ದೇನೆ. ನಿಜವೇ?

ಉತ್ತರ: ಅರ್ಧ ನಿಜ. 56ನೇ ಕಲಮಿನ ಎರಡನೇ ಉಪಕಲಮು, ಹಣ ಮೊದಲ ಸಲ ಬಾಕಿಯಾದ ದಿನದಿಂದ ಎರಡು ವರ್ಷ ಕಳೆದ ಮೇಲೆ, ಅದನ್ನು ಬಿಲ್ಲುಗಳಲ್ಲಿ ಬಾಕಿಯೆಂದು ಸತತವಾಗಿ ತೋರಿಸುತ್ತ ಬಂದಿರದಿದ್ದರೆ, ವಸೂಲಿ ಮಾಡುವಂತಿಲ್ಲ ಎನ್ನುತ್ತದೆ. ಆದರೆ ಸುಪ್ರೀಂ ಕೋರ್ಟ್ 2020ರಲ್ಲಿ ನೀಡಿದ ತೀರ್ಪಿನ ಪ್ರಕಾರ, ಪ್ರಾಮಾಣಿಕ ತಪ್ಪಿನಿಂದ ಕಡಿಮೆ ಬಿಲ್ಲು ಮಾಡಿದ್ದ ಸಂಸ್ಥೆ ಎರಡು ವರ್ಷಗಳ ನಂತರವೂ ಹೆಚ್ಚುವರಿ ಬೇಡಿಕೆ ಸಲ್ಲಿಸಬಹುದು. ಆ ಹಣಕ್ಕಾಗಿ ಸಂಪರ್ಕ ಕಡಿಯುವ ಅಧಿಕಾರ ಮಾತ್ರ ಅದಕ್ಕಿರುವುದಿಲ್ಲ. ಬ್ರಿಟನ್ನಿನಲ್ಲಿ ಗ್ರಾಹಕರ ಸ್ಥಿತಿ ಇದಕ್ಕಿಂತ ಹಗುರ: 2018ರಿಂದ, ತಪ್ಪು ಗ್ರಾಹಕರದ್ದಲ್ಲದಿದ್ದರೆ, 12 ತಿಂಗಳಿಗಿಂತ ಹಳೆಯ ಬಳಕೆಗೆ ಹೊಸದಾಗಿ ಬಿಲ್ಲು ಹಾಕುವಂತಿಲ್ಲ. ನಿಮ್ಮ ಕೆಲಸ ಇಷ್ಟು: ಯಾವ ತಿಂಗಳು, ಎಷ್ಟು ಯೂನಿಟ್, ಯಾವ ದರ ಹಾಕಿದ್ದರು, ಯಾವುದು ಹಾಕಬೇಕಿತ್ತು ಎಂಬ ತಿಂಗಳುವಾರು ಪಟ್ಟಿಯನ್ನು ಲಿಖಿತವಾಗಿ ಕೇಳಿ. ಪಟ್ಟಿ ಕೈಗೆ ಬಂದ ಮೇಲೆ ಹಳೆಯ ಬಿಲ್ಲುಗಳೊಡನೆ ತಾಳೆ ನೋಡಿ, ಕಟ್ಟಲೇಬೇಕಾದರೆ ಕಂತು ಕೇಳಿ.

ಪ್ರಶ್ನೆ: ನಾವು ಬ್ರಿಟನ್ನಿನಲ್ಲಿ ಹೊಸ ಬಾಡಿಗೆ ಮನೆಗೆ ಬಂದಿದ್ದೇವೆ. ಹಿಂದಿನ ಮನೆಯಷ್ಟೇ ಅನಿಲ ಬಳಸಿದರೂ ಬಿಲ್ಲು ಸುಮಾರು ಮೂರು ಪಟ್ಟು ಬರುತ್ತಿದೆ. ರೀಡಿಂಗುಗಳು ಮೀಟರಿನೊಂದಿಗೆ ಹೊಂದುತ್ತವೆ.

ಉತ್ತರ: ಮೂರು ಪಟ್ಟು ಎಂದಾಗಲೇ ನನಗೆ ಅಳತೆಯ ಮೇಲೆ ಅನುಮಾನ ಬಂತು. ಅಲ್ಲಿನ ಹಳೆಯ ಅನಿಲ ಮೀಟರುಗಳು ನೂರು ಘನ ಅಡಿಗಳ ಲೆಕ್ಕದಲ್ಲೂ ಹೊಸವು ಘನ ಮೀಟರಿನಲ್ಲೂ ಅಳೆಯುತ್ತವೆ. ನೂರು ಘನ ಅಡಿ ಎಂದರೆ 2.83 ಘನ ಮೀಟರ್. ನಿಮ್ಮ ಮನೆಯ ಮೀಟರ್ ಬದಲಾದದ್ದು ಸರಬರಾಜುದಾರರ ದಾಖಲೆಯಲ್ಲಿ ತಿದ್ದುಪಡಿಯಾಗಿರದಿದ್ದರೆ, ಘನ ಮೀಟರಿನ ಅಂಕಿಯನ್ನು ಘನ ಅಡಿಯದೆಂದು ತಿಳಿದು ಮತ್ತೊಮ್ಮೆ 2.83ರಿಂದ ಗುಣಿಸುತ್ತಿರುತ್ತಾರೆ. ಬಿಲ್ಲಿನ ಲೆಕ್ಕದ ಭಾಗದಲ್ಲಿ ಆ ಸಂಖ್ಯೆ ಇದೆಯೇ ನೋಡಿ. ಮೀಟರಿನ ಮುಖದ ಮೇಲೆ ಎಂ ಅಕ್ಷರದ ತಲೆಗೆ ಸಣ್ಣ 3 ಇದೆಯೇ ನೋಡಿ. ಎರಡೂ ಇದ್ದರೆ ಎರಡರ ಫೋಟೊ ಸಹಿತ ದೂರು ಕೊಟ್ಟು, ನೀವು ಮನೆಗೆ ಬಂದ ದಿನದಿಂದ ಎಲ್ಲ ಬಿಲ್ಲುಗಳ ಪರಿಷ್ಕರಣೆ ಕೇಳಿ. ಎಂಟು ವಾರಗಳಲ್ಲಿ ಇತ್ಯರ್ಥವಾಗದಿದ್ದರೆ ಅಲ್ಲಿನ ಎನರ್ಜಿ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಮೀಟರಿನ ಮೇಲೆ ಎಫ್‌ಟಿ ಎಂದಿದ್ದರೆ ಮಾತ್ರ ಗುಣಾಕಾರ ಸರಿಯಾಗಿಯೇ ಇದೆ, ಬೇರೆ ಕಾರಣ ಹುಡುಕಬೇಕಾಗುತ್ತದೆ. ಆಗ ಬಿಲ್ಲಿನ ಪ್ರತಿಯೊಂದಿಗೆ ಮತ್ತೆ ಬರೆಯಿರಿ.